ಅಪ್‌ಗ್ರೇಡ್ ಆದ ಮೇಲೆ ಏಳದ ಕಂಪ್ಯೂಟರಿಗೆ ನಾಲ್ಕು ಸಲಕರಣೆ: ಯಾವುದಕ್ಕೆ ದುಡ್ಡು ಕೊಡಬಹುದು?

ಹಾಸನ, ಚಿಕ್ಕಮಗಳೂರು ಕಡೆ ಡೆಸ್ಕ್‌ಟಾಪಿಗೆ ಹೊಸ ರ‍್ಯಾಮೋ ಗ್ರಾಫಿಕ್ಸ್ ಕಾರ್ಡೋ ಬೇಕಾದರೆ ಆನ್‌ಲೈನಿನಲ್ಲಿ ತರಿಸುವವರೇ ಹೆಚ್ಚು. ಉಳಿದವರು ಬೆಂಗಳೂರಿಗೆ ಹೋಗಿ ಬರುವವರ ಕೈಲಿ ಎಸ್.ಪಿ. ರೋಡಿನಿಂದ ತರಿಸಿಕೊಳ್ಳುತ್ತಾರೆ. ಜೋಡಿಸುವುದು ಮನೆಯ ಊಟದ ಮೇಜಿನ ಮೇಲೆ. ಎಲ್ಲ ಸಿಕ್ಕಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿ ಡಿಸ್‌ಪ್ಲೇ ಬಾರದೆ ಹೋದರೆ ಕೈ ಮೊದಲು ಹೋಗುವುದು ರಿಟರ್ನ್ ಬಟನ್ನಿನ ಕಡೆ. ಹೊಸ ಭಾಗ ವಾಪಸ್ ಹೋಗಿ ಬದಲಿ ಬರಲು ಒಂದು ವಾರ, ಕೆಲವೊಮ್ಮೆ ಎರಡು. ಬದಲಿ ಬಂದದ್ದೂ ಹಾಗೇ ಸುಮ್ಮನೆ ಕೂತರೆ ಆಗ ಅರ್ಥವಾಗುತ್ತದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು.

ಈ ತೊಂದರೆಗೆಂದೇ ಆನ್‌ಲೈನಿನಲ್ಲಿ ನಾಲ್ಕು ಅಗ್ಗದ ಸಲಕರಣೆ ಸಿಗುತ್ತವೆ: ಮದರ್‌ಬೋರ್ಡಿಗೆ ಸಿಕ್ಕಿಸುವ ಬೀಪ್ ಸ್ಪೀಕರ್, ಹಳದಿ ಡಬ್ಬಿಯ ಡಿಜಿಟಲ್ ಮಲ್ಟಿಮೀಟರ್, ಪರದೆಯಿರುವ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ) ಟೆಸ್ಟರ್, ಆನ್ ಆದಾಗ ಕಂಪ್ಯೂಟರ್ ಮಾಡಿಕೊಳ್ಳುವ ತಪಾಸಣೆಯ ಅಂಕಿ ತೋರಿಸುವ ಪೋಸ್ಟ್ ಕಾರ್ಡ್. ಹೆಚ್ಚಿನವಕ್ಕೆ ಹೆಸರಾಂತ ಬ್ರ್ಯಾಂಡ್ ಇಲ್ಲ, ಒಂದೇ ಸರಕು ಹತ್ತು ಹೆಸರಲ್ಲಿ ಬರುತ್ತದೆ. ಹಾಗಾಗಿ ಕಂಪನಿ ನೋಡದೆ ಜಾತಿ ನೋಡಿ ತೂಗುವುದೇ ಸರಿ. ಇಲ್ಲಿ ತೂಗಿರುವುದು ಒಂದೇ ಪ್ರಶ್ನೆಯಿಂದ. ಕೆಟ್ಟಿರುವುದು ಹೊಸ ಭಾಗವೋ ಜೋಡಣೆಯೋ ಎಂಬುದನ್ನು ಈ ಸಲಕರಣೆ ಬಿಡಿಸಿ ಹೇಳುತ್ತದೆಯೇ?

ದುಡ್ಡು ಬಿಚ್ಚುವ ಮೊದಲು

ನಾಲ್ಕನ್ನೂ ಬದಿಗಿಟ್ಟು ಐದು ನಿಮಿಷ ಕಣ್ಣಲ್ಲೇ ನೋಡಬೇಕಾದ ಜಾಗಗಳಿವೆ. ಪ್ರೊಸೆಸರ್ ಪಕ್ಕ, ಬೋರ್ಡಿನ ಎಡ ಮೇಲ್ಮೂಲೆಯಲ್ಲಿ 4 ಅಥವಾ 8 ಪಿನ್ನಿನ ಸಾಕೆಟ್ ಇರುತ್ತದೆ. ದೊಡ್ಡ 24 ಪಿನ್ ಸಿಕ್ಕಿಸಿ ಇದನ್ನು ಮರೆತರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಹೊಸ ಕೂಲರ್ ಹಾಕುವಾಗ ಈ ವೈರ್ ಬಿಚ್ಚಿ ಮತ್ತೆ ಹಾಕದೆ ಬಿಡುವುದು ತೀರಾ ಮಾಮೂಲು.

ಎರಡು ರ‍್ಯಾಮ್ ಕಡ್ಡಿಗಳಿದ್ದು ನಾಲ್ಕು ಸ್ಲಾಟ್ ಇದ್ದರೆ ಅವು ಕೂರಬೇಕಾದ್ದು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ. ಈಗಿನ ಹಲವು ಬೋರ್ಡುಗಳಲ್ಲಿ ಒಂದು ಕಡೆ ಮಾತ್ರ ಲಾಕ್ ಇರುತ್ತದೆ. ಲಾಕ್ ಇಲ್ಲದ ತುದಿ ಅರ್ಧ ಮಿಲಿಮೀಟರ್ ಮೇಲೆದ್ದಿದ್ದರೂ ಲಾಕ್ ಬಿದ್ದ ಸದ್ದು ಕೇಳಿಸಿರುತ್ತದೆ. ಕಡ್ಡಿಯ ಮೇಲಂಚಿಗೆ ಒಂದು ಸ್ಕೇಲ್ ಇಟ್ಟು ನೋಡಿದರೆ ವಾಲಿದ್ದು ಕಾಣುತ್ತದೆ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯೇ? ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಿಗೂ, ಎಎಂಡಿಯ ರೈಜನ್ 5 5600ರಂಥವಕ್ಕೂ ಒಳಗೆ ಡಿಸ್‌ಪ್ಲೇ ಇಲ್ಲ. ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಏನೂ ಬರುವುದಿಲ್ಲ. ಒಳಗೇ ಡಿಸ್‌ಪ್ಲೇ ಇರುವ 5600ಜಿ ತೆಗೆದು 5600 ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿದ್ದರೆ ಅರ್ಧ ಕೆಲಸ ಮುಗಿದಂತೆ. ಅವು ಒಂದೊಂದಾಗಿ ಹೊತ್ತಿ ಆರುತ್ತವೆ, ಯಾವುದು ಆರದೆ ನಿಂತಿದೆಯೋ ಅಲ್ಲೇ ತೊಡಕು. ಇಂಥ ಬೋರ್ಡ್ ಇರುವವರು ಮುಂದಿನ ಸ್ಪೀಕರ್ ಕೊಳ್ಳದಿದ್ದರೂ ನಡೆಯುತ್ತದೆ. ಆದರೆ ಎಚ್‌610, ಎ520ರಂಥ ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ಈ ದೀಪಗಳೇ ಇರುವುದಿಲ್ಲ. ನಮ್ಮ ಕಡೆ ಹೆಚ್ಚು ಓಡುವುದು ಇಂಥವೇ.

ಬೀಪ್ ಸ್ಪೀಕರ್: ಕೊಂಡುಕೊಳ್ಳಿ

ಬೆರಳ ತುದಿಯಷ್ಟು ಕಪ್ಪು ಬಿಲ್ಲೆ, ಎರಡು ವೈರು, ನಾಲ್ಕು ತೂತಿನ ಕನೆಕ್ಟರ್. ನೂರು ರೂಪಾಯಿಯೊಳಗೆ ಬರುತ್ತದೆ. ಬೋರ್ಡಿನ ಕೆಳ ಅಂಚಿನಲ್ಲಿ ಸ್ಪೀಕರ್ ಎಂದು ಬರೆದ ನಾಲ್ಕು ಪಿನ್ನಿಗೆ, ಕೆಂಪು ವೈರು 5 ವೋಲ್ಟ್ ಗುರುತಿನ ಕಡೆ ಬರುವಂತೆ ಸಿಕ್ಕಿಸಬೇಕು. ಕೊಳ್ಳುವ ಮೊದಲು ಮ್ಯಾನ್ಯುಯಲ್ ತೆಗೆದು ಆ ಪಿನ್ ಇದೆಯೇ ನೋಡಿಕೊಳ್ಳಿ. ಕೆಲವು ಹೊಸ ಬೋರ್ಡುಗಳಲ್ಲಿ ಅದನ್ನೇ ಕಿತ್ತುಹಾಕಿದ್ದಾರೆ.

ಇದರ ಬೆಲೆ ತಿಳಿಯುವುದು ಒಂದೇ ಒಂದು ಪರೀಕ್ಷೆಯಲ್ಲಿ. ಪವರ್ ತೆಗೆದು ರ‍್ಯಾಮ್ ಕಡ್ಡಿಗಳನ್ನೆಲ್ಲ ಕಿತ್ತು ಪಕ್ಕಕ್ಕಿಡಿ. ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್ ವೈರು ಎಲ್ಲ ಬಿಚ್ಚಿ. ಬೋರ್ಡಿನಲ್ಲಿ ಪ್ರೊಸೆಸರ್, ಕೂಲರ್, ಎರಡು ಪವರ್ ವೈರು, ಈ ಸ್ಪೀಕರ್ ಇಷ್ಟೇ ಉಳಿಯಲಿ. ಆನ್ ಮಾಡಿ. ಸ್ಪೀಕರ್ ಕಿರುಚಿಕೊಂಡರೆ ಸಂತೋಷಪಡಿ. ರ‍್ಯಾಮ್ ಇಲ್ಲ ಎಂದು ದೂರಬೇಕಾದರೆ ಪ್ರೊಸೆಸರ್ ಕೆಲಸ ಮಾಡುತ್ತಿರಬೇಕು, ಬಯಾಸ್ (ಆನ್ ಆದೊಡನೆ ಬೋರ್ಡಿನಲ್ಲಿ ಮೊದಲು ಓಡುವ ಪ್ರೋಗ್ರಾಂ) ಅದನ್ನು ಗುರುತಿಸಿರಬೇಕು, ಎಸ್‌ಎಂಪಿಎಸ್ ಕರೆಂಟು ಕೊಡುತ್ತಿರಬೇಕು. ಒಂದು ಬೀಪಿಗೆ ಮೂರು ದೊಡ್ಡ ಭಾಗಗಳು ಅನುಮಾನದಿಂದ ಬಿಡುಗಡೆ. ಆಮೇಲೆ ಒಂದು ರ‍್ಯಾಮ್ ಕಡ್ಡಿ, ನಂತರ ಇನ್ನೊಂದು, ನಂತರ ಕಾರ್ಡ್ ಹೀಗೆ ಒಂದೊಂದೇ ಸೇರಿಸುತ್ತ ಹೋದರೆ ಯಾವುದರ ಬಳಿ ನಿಲ್ಲುತ್ತದೋ ಅದೇ ಅಪರಾಧಿ. ಪ್ರತಿ ಸಲವೂ ಹಿಂದಿನ ಸ್ವಿಚ್ ಆರಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿಯೇ ಕೈ ಹಾಕಬೇಕು.

ರ‍್ಯಾಮ್ ಇಲ್ಲದೆಯೂ ಮೌನವಾಗಿದ್ದರೆ ಅನುಮಾನ ಪ್ರೊಸೆಸರ್, ಅದರ ಸಾಕೆಟ್, ಬಯಾಸ್ ಆವೃತ್ತಿ, ಪ್ರೊಸೆಸರ್ ಪವರ್ ವೈರು, ಬೋರ್ಡು ಇವುಗಳ ಕಡೆ ತಿರುಗಬೇಕು. ಗ್ರಾಫಿಕ್ಸ್ ಕಾರ್ಡನ್ನು ಪಾರ್ಸಲ್ ಮಾಡುವುದು ಆಗ ದಂಡ.

ಒಂದು ಎಚ್ಚರಿಕೆ. ಬೀಪ್ ಭಾಷೆ ಎಲ್ಲ ಬೋರ್ಡಿಗೂ ಒಂದೇ ಅಲ್ಲ. ಹಳೆಯ ಅವಾರ್ಡ್ ಬಯಾಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಎಂದರೆ ಡಿಸ್‌ಪ್ಲೇ ತೊಂದರೆ. ಅದೇ ಸದ್ದು ಏಸಸ್ ಬೋರ್ಡಿನಲ್ಲಿ ರ‍್ಯಾಮ್ ಕಾಣುತ್ತಿಲ್ಲ ಎಂದು ಹೇಳುತ್ತದೆ, ಕಾರ್ಡ್ ಕಾಣದಿದ್ದರೆ ಒಂದು ಉದ್ದ ಮೂರು ಗಿಡ್ಡ. ಒಂದು ಬೀಪ್ ಲೆಕ್ಕ ತಪ್ಪಿದರೆ ರ‍್ಯಾಮ್ ಬದಲು ಕಾರ್ಡ್ ವಾಪಸ್ ಹೋಗುತ್ತದೆ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು, ನಿಮ್ಮದೇ ಬೋರ್ಡಿನ ಮ್ಯಾನ್ಯುಯಲ್ ಪುಟದ ಜೊತೆ ಹೋಲಿಸಿ.

ಮಲ್ಟಿಮೀಟರ್: ಮನೆಯಲ್ಲಿ ಒಂದು ಇರಲೇಬೇಕು

ಡಿಟಿ830ಡಿ ಎಂಬ ಹಳದಿ ಮೀಟರನ್ನು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕಾಣದವರಿಲ್ಲ. ಹಾಸನದ ಪೇಟೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಇನ್ನೂರು ಮುನ್ನೂರು ರೂಪಾಯಿಗೆ ಇಂಥದ್ದು ಸಿಗುತ್ತದೆ, ಕೊರಿಯರ್ ಕಾಯಬೇಕಿಲ್ಲ. ತಾನಾಗಿ ಆರುವುದಿಲ್ಲ, ಮರೆತು ಆನ್ ಬಿಟ್ಟರೆ 9 ವೋಲ್ಟ್ ಬ್ಯಾಟರಿ ಖಾಲಿ. ಪ್ರೋಬ್ ವೈರು ತೆಳು, ಮೇನ್ಸ್‌ಗೆ ಇಡುವಾಗ ಸಿಪ್ಪೆ ಬಿರುಕು ಬಿಟ್ಟಿಲ್ಲವೆಂದು ನೋಡಿಕೊಳ್ಳಬೇಕು. ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲಿ ಬಿಟ್ಟು ವೋಲ್ಟೇಜ್ ಅಳೆಯಲು ಹೋದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಇಷ್ಟು ಕೊರತೆ ಇದ್ದರೂ ನಾಲ್ಕರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಮೊದಲ ಅಳತೆ ಕಂಪ್ಯೂಟರಿನದ್ದಲ್ಲ, ಗೋಡೆಯದ್ದು. ಮೀಟರನ್ನು ಎಸಿ 750ಕ್ಕೆ ತಿರುಗಿಸಿ ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ತ್‌ಗೆ, ನ್ಯೂಟ್ರಲ್‌ನಿಂದ ಅರ್ತ್‌ಗೆ ನೋಡಿ. ಮೊದಲೆರಡು 230ರ ಆಸುಪಾಸು, ಮೂರನೆಯದು ಎರಡು ಮೂರು ವೋಲ್ಟಿನೊಳಗಿದ್ದರೆ ಅರ್ತಿಂಗ್ ಸರಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಎಸ್ಟೇಟ್ ಮನೆಗಳಲ್ಲಿ ಲೈನಿನ ತುದಿಗಿರುವ ಕನೆಕ್ಷನ್‌ಗೆ ಸಂಜೆ ಹೊತ್ತು 170, 180 ಬಂದರೂ ಅಚ್ಚರಿಯಿಲ್ಲ. ಕೊಯ್ಲಿನ ಕಾಲದಲ್ಲಿ ಪಲ್ಪರ್ ಮೋಟಾರು, ಫೆಬ್ರುವರಿ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪಂಪು ಶುರುವಾದಾಗ ಇನ್ನೂ ಕುಸಿಯುತ್ತದೆ. ಎಸ್‌ಎಂಪಿಎಸ್ ಲೇಬಲ್ ಓದಿ. 100ರಿಂದ 240 ಎಂದಿದ್ದರೆ ಚಿಂತೆಯಿಲ್ಲ. 200ರಿಂದ 240 ಎಂದಷ್ಟೇ ಇದ್ದರೆ, ಬೆಳಿಗ್ಗೆ ಏಳುವ ಕಂಪ್ಯೂಟರ್ ಸಂಜೆ ಏಳದಿರುವುದಕ್ಕೆ ಹೊಸ ಕಾರ್ಡನ್ನು ಬೈದು ಫಲವಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ತ್ ಇಲ್ಲದ ಮನೆಯಲ್ಲಿ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ಮೇಲೆ ಮೇನ್ಸಿನ ಅರ್ಧದಷ್ಟು ವೋಲ್ಟೇಜ್ ಕೂತಿರುತ್ತದೆ. ಅದರಲ್ಲಿ ಹರಿಯುವ ಕರೆಂಟು ತೀರಾ ಕಡಿಮೆ, ಆದರೆ ಆನ್ ಇರುವಾಗಲೇ ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿದರೆ ಕಿಂಡಿ ಸುಡಲು ಅದು ಸಾಕು. ಹೊಸ ಕಾರ್ಡಿನ ಎಚ್‌ಡಿಎಂಐ ಮೊದಲ ದಿನವೇ ಸತ್ತಿತು ಎನ್ನುವ ದೂರುಗಳಲ್ಲಿ ಒಂದಷ್ಟರ ಬುಡ ಇಲ್ಲಿದೆ.

ಇನ್ನು ಎಸ್‌ಎಂಪಿಎಸ್. ಮೀಟರ್ ಡಿಸಿ 20ಕ್ಕೆ. ಕಪ್ಪು ಪ್ರೋಬ್ ಯಾವುದಾದರೂ ಕಪ್ಪು ತಂತಿಗೆ, ಕೆಂಪು ಪ್ರೋಬ್ ಕನೆಕ್ಟರ್ ಹಿಂಬದಿಯಿಂದ ತಂತಿಯ ಪಕ್ಕ ನುಗ್ಗಿಸಿ. ಗೋಡೆ ಸ್ವಿಚ್ ಆನ್ ಇದ್ದು ಕಂಪ್ಯೂಟರ್ ಆಫ್ ಇರುವಾಗಲೂ ನೇರಳೆ ತಂತಿಯಲ್ಲಿ 5 ವೋಲ್ಟ್ ಇರಬೇಕು. ಅದೇ ಇಲ್ಲದಿದ್ದರೆ ಪವರ್ ಬಟನ್ ಎಷ್ಟು ಒತ್ತಿದರೂ ಅಷ್ಟೇ. ಆನ್ ಆದ ಮೇಲೆ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46 ನಡುವೆ ನಿಲ್ಲಬೇಕು. ಬೂದು ತಂತಿ ಎಸ್‌ಎಂಪಿಎಸ್ ಕೊಡುವ 'ಎಲ್ಲ ಸರಿಯಿದೆ' ಸಿಗ್ನಲ್, 5 ವೋಲ್ಟಿನ ಹತ್ತಿರ ಬರಬೇಕು. ಅದು ಬಾರದಿದ್ದರೆ ಬೋರ್ಡ್ ಪ್ರೊಸೆಸರನ್ನು ಎಬ್ಬಿಸುವುದೇ ಇಲ್ಲ.

ಹಳದಿ ತಂತಿಗೆ ಪ್ರೋಬ್ ಇಟ್ಟು ಆನ್ ಮಾಡುವ ಆ ಒಂದು ಕ್ಷಣ ಬಹಳ ಹೇಳುತ್ತದೆ. 12.1 ಇದ್ದದ್ದು 10.8ಕ್ಕೆ ಜಾರಿ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತು, ಮತ್ತೆ ತಾನಾಗಿ ಪ್ರಯತ್ನಿಸುತ್ತಿದ್ದರೆ ಹೊಸ ಹೊರೆಯನ್ನು ಎಸ್‌ಎಂಪಿಎಸ್ ಹೊರಲಾರದೆ ಒದ್ದಾಡುತ್ತಿದೆ. ಮೀಟರ್ ಅಂಕಿ ತೋರಿಸುವಷ್ಟರಲ್ಲೇ ಟಕ್ಕೆಂದು ಸೊನ್ನೆಗೆ ಬಿದ್ದರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಕಾರ್ಡ್ ಕಿತ್ತಾಗ ಅದು ಹೋದರೆ ಅನುಮಾನ ಕಾರ್ಡಿನ ಮೇಲೆ. ಹೋಗದಿದ್ದರೆ ಬೋರ್ಡನ್ನು ಹೊರತೆಗೆದು ಅದರದೇ ರಟ್ಟಿನ ಡಬ್ಬಿಯ ಮೇಲಿಟ್ಟು ಆನ್ ಮಾಡಿ. ಡಬ್ಬಿಯ ಮೇಲೆ ಎದ್ದು ಕ್ಯಾಬಿನೆಟ್ಟಿನೊಳಗೆ ಮಲಗುತ್ತಿದ್ದರೆ ತಪ್ಪಾದ ಜಾಗದಲ್ಲಿ ಉಳಿದ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ಬೋರ್ಡಿನ ಬೆನ್ನಿಗೆ ತಾಗುತ್ತಿದೆ. ದೊಡ್ಡ ಬೋರ್ಡ್ ತೆಗೆದು ಚಿಕ್ಕದನ್ನು ಕೂರಿಸಿದಾಗ ಆಗುವ ಎಡವಟ್ಟು ಇದು.

ಮೀಟರಿಗೆ ಕೊನೆಯ ಕೆಲಸ, ಬೋರ್ಡಿನ ಗುಂಡಿ ಬ್ಯಾಟರಿ. ಹೊಸ ಸಿಆರ್2032 ಮೂರು ವೋಲ್ಟಿಗಿಂತ ಚೂರು ಮೇಲೇ ತೋರಿಸುತ್ತದೆ. 2.8ರ ಕೆಳಗಿದ್ದರೆ ಬದಲಾಯಿಸಿ, ಅದಕ್ಕೇನೂ ಲೆಕ್ಕ ಹಾಕಬೇಕಿಲ್ಲ.

ಎಸ್‌ಎಂಪಿಎಸ್ ಟೆಸ್ಟರ್: ಅಡ್ಡಗೋಡೆಯ ಮೇಲಿನ ದೀಪ

ಇದನ್ನು ಹೊಗಳುವವರು ಬಹಳ. 24 ಪಿನ್, 8 ಪಿನ್ ಎರಡನ್ನೂ ಸಿಕ್ಕಿಸಿದರೆ ಪುಟ್ಟ ಪರದೆಯ ಮೇಲೆ ಎಲ್ಲ ವೋಲ್ಟೇಜೂ ಒಟ್ಟಿಗೆ ಕಾಣುತ್ತವೆ, ಜೊತೆಗೆ ಪಿಜಿ ಎಂಬ ಅಂಕಿ, ಅಂದರೆ ಬೂದು ತಂತಿಯ 'ಎಲ್ಲ ಸರಿಯಿದೆ' ಸಿಗ್ನಲ್ ಬರಲು ಹಿಡಿದ ಸಮಯ. ಈ ಪಿಜಿ 100ರಿಂದ 500 ಮಿಲಿಸೆಕೆಂಡ್ ನಡುವೆ ಇರಬೇಕು. ಹೊರಗಿದ್ದರೆ, ವೋಲ್ಟೇಜ್ ಸರಿಯಿದ್ದರೂ ಎಸ್‌ಎಂಪಿಎಸ್ ಅನುಮಾನಾಸ್ಪದ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಸಿಗದ ಮಾಹಿತಿ ಇದೊಂದೇ.

ಕೊರತೆ ಏನೆಂದರೆ ಟೆಸ್ಟರ್ ಹೇರುವ ಹೊರೆ ತೀರಾ ಕಡಿಮೆ. ಏನೂ ಹೊರದ ಕೂಲಿಯನ್ನು ನಿಲ್ಲಿಸಿ ಬೆನ್ನು ನೆಟ್ಟಗಿದೆ ಎಂದಂತೆ. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬಂದ, ಮೇಲೆ 450 ವ್ಯಾಟ್ ಎಂದು ಅಚ್ಚು ಹಾಕಿದ ಎಸ್‌ಎಂಪಿಎಸ್ ಕೂಡ ಟೆಸ್ಟರಿನಲ್ಲಿ ಹನ್ನೆರಡಕ್ಕೆ ಹನ್ನೆರಡೇ ತೋರಿಸುತ್ತದೆ. ನಿಜವಾದ ಪರೀಕ್ಷೆ ಕಾರ್ಡ್ ಕೆಲಸ ಶುರು ಮಾಡಿದಾಗ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ 75 ವ್ಯಾಟ್, 6 ಪಿನ್ ವೈರಿನಿಂದ 75, 8 ಪಿನ್ನಿಂದ 150 ಎಂಬುದು ಕಾರ್ಡ್ ಎಳೆಯಬಹುದಾದ ಲೆಕ್ಕ. ಆದರೆ ಕ್ಷಣಮಾತ್ರದ ಏರಿಳಿತದಲ್ಲಿ ಕಾರ್ಡುಗಳು ತಮ್ಮ ಲೆಕ್ಕ ಮೀರುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ ಇಂಥ ಏರಿಕೆಗಳನ್ನು ಕ್ಷಣಕಾಲ ತಡೆದುಕೊಳ್ಳಬೇಕೆಂದು ಎಸ್‌ಎಂಪಿಎಸ್‌ಗೆ ವಿಧಿಸಿದ್ದೇ ಇದಕ್ಕೆ. ಟೆಸ್ಟರ್ ಇದನ್ನೆಲ್ಲ ನೋಡುವುದೇ ಇಲ್ಲ. ಅದು ಸತ್ತ ಎಸ್‌ಎಂಪಿಎಸ್ ಹಿಡಿಯುತ್ತದೆ, ಬಡಕಲನ್ನು ಹಿಡಿಯಲಾರದು. ಸತ್ತದ್ದನ್ನು ಹಿಡಿಯಲು ಒಂದು ಪೇಪರ್ ಕ್ಲಿಪ್ ಸಾಕು. 24 ಪಿನ್ನಿನ ಹಸಿರು ತಂತಿಯನ್ನು, ಅಂದರೆ 16ನೇ ಪಿನ್ನನ್ನು, ಪಕ್ಕದ ಕಪ್ಪಿಗೆ ಕ್ಲಿಪ್ಪಿನಿಂದ ಸೇರಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗಬೇಕು. ಬೋರ್ಡಿನಿಂದ ಕನೆಕ್ಟರ್ ಬಿಚ್ಚಿ, ಮೇನ್ಸ್ ಆರಿಸಿದ ಮೇಲೆಯೇ ಕ್ಲಿಪ್ ಇಡುವುದು. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಹೊರೆ ಇಲ್ಲದಾಗ ಫ್ಯಾನ್ ತಿರುಗುವುದಿಲ್ಲ, ಆಗ ಮೀಟರಿನಲ್ಲಿ ಹಳದಿ ತಂತಿ ನೋಡಿ.

ಟೆಸ್ಟರ್ ತನ್ನ ಬೆಲೆ ಒಂದೇ ಕಡೆ ತೀರಿಸುತ್ತದೆ. ಮಾಡ್ಯುಲರ್, ಅಂದರೆ ವೈರುಗಳನ್ನು ಬಿಚ್ಚಿ ಹಾಕಬಹುದಾದ, ಎಸ್‌ಎಂಪಿಎಸ್‌ಗಳಲ್ಲಿ ವೈರಿನ ಎಸ್‌ಎಂಪಿಎಸ್ ಕಡೆಯ ತುದಿಗೆ ಸಾರ್ವತ್ರಿಕ ನಿಯಮ ಇಲ್ಲ. ಒಂದು ಕಂಪನಿಯ ಸಾಟಾ ವೈರು (ಡಿಸ್ಕಿಗೆ ಕರೆಂಟು ಒಯ್ಯುವುದು) ಇನ್ನೊಂದರ ಎಸ್‌ಎಂಪಿಎಸ್‌ಗೆ ಸಲೀಸಾಗಿ ಕೂರಬಹುದು, 5 ವೋಲ್ಟ್ ಬರಬೇಕಾದಲ್ಲಿ 12 ಬಂದು ಹಾರ್ಡ್ ಡಿಸ್ಕೂ ಎಸ್‌ಎಸ್‌ಡಿಯೂ ಒಂದೇ ಏಟಿಗೆ ಸುಡಬಹುದು. ಹಳೆಯ ಎಸ್‌ಎಂಪಿಎಸ್ ತೆಗೆದು ಹೊಸದು ಹಾಕುವಾಗ 'ವೈರೆಲ್ಲ ಕಟ್ಟಿ ಚೆನ್ನಾಗಿದೆ, ಹಾಗೇ ಇರಲಿ' ಎಂದುಕೊಳ್ಳುವವರೇ ಇದಕ್ಕೆ ಬಲಿ. ಡಿಸ್ಕಿಗೆ ಸಿಕ್ಕಿಸುವ ಮೊದಲು ಸಾಟಾ ವೈರನ್ನು ಟೆಸ್ಟರಿನ ಸಾಟಾ ಕಿಂಡಿಗೆ ಹಾಕಿದರೆ ಅದಲುಬದಲು ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇದನ್ನೂ ಮಲ್ಟಿಮೀಟರಿನಲ್ಲಿ ಮಾಡಬಹುದು, ಸ್ವಲ್ಪ ತಾಳ್ಮೆ ಬೇಕು. ಊರವರ ಕಂಪ್ಯೂಟರ್ ರಿಪೇರಿ ಮಾಡಿಕೊಡುವವರಿಗೆ ಟೆಸ್ಟರ್ ಇರಲಿ. ವರ್ಷಕ್ಕೊಮ್ಮೆ ಅಪ್‌ಗ್ರೇಡ್ ಮಾಡುವವರು ಆ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೇ ಸೇರಿಸುವುದು ಮೇಲು.

ಪೋಸ್ಟ್ ಕಾರ್ಡ್: ಬೇಡ

ಪಿಸಿಐ ಸ್ಲಾಟಿಗೆ ಸಿಕ್ಕಿಸುವ, ನಾಲ್ಕು ಅಂಕಿ ಹೊಳೆಯುವ ಹಸಿರು ಕಾರ್ಡು. ಬಯಾಸ್ ತನ್ನ ಪರೀಕ್ಷೆಯ ಪ್ರತಿ ಹಂತದಲ್ಲೂ 80 ಎಂಬ ಪೋರ್ಟಿಗೆ ಕಳಿಸುವ ಸಂಕೇತವನ್ನು ಓದಿ ತೋರಿಸುವುದು ಇದರ ಕೆಲಸ. ಹದಿನೈದು ವರ್ಷದ ಹಿಂದಿನ ಬೋರ್ಡುಗಳಿಗೆ ಸೊಗಸಾಗಿತ್ತು. ಈಗಿನ ಮನೆಬಳಕೆಯ ಬೋರ್ಡುಗಳಲ್ಲಿ ಹಳೆಯ ಪಿಸಿಐ ಸ್ಲಾಟೇ ಇಲ್ಲ, ಆ ಸಂಕೇತವನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಸಾಮಾನ್ಯವಾಗಿ ಕಳಿಸುವುದೂ ಇಲ್ಲ. ಅಂಕಿ ಒಂದೇ ಕಡೆ ನಿಂತಿರುತ್ತದೆ, ಕೊಂಡವರು ಅದನ್ನೇ ರೋಗವೆಂದು ಹುಡುಕುತ್ತಾರೆ. ಅಂಕಿ ಬೇಕೇ ಬೇಕೆಂದರೆ ಬೋರ್ಡಿನಲ್ಲೇ ಎರಡಂಕಿಯ ಡಿಸ್‌ಪ್ಲೇ ಇರುವ ಮಾದರಿ ಕೊಳ್ಳಬೇಕು, ಅದು ದುಬಾರಿ ಬಾಬತ್ತು.

ಯಾವ ಸಲಕರಣೆಯೂ ಹೇಳದ್ದು

ನಾಲ್ಕನ್ನೂ ಕೊಂಡಿಟ್ಟರೂ ಸಿಕ್ಕದ ಕಾರಣಗಳಿವೆ. ಅಪ್‌ಗ್ರೇಡ್ ಆದ ಮೇಲಿನ ಮೌನಕ್ಕೆ ಇವೇ ಹೆಚ್ಚು ಕಾರಣ ಎನ್ನಬಹುದು, ಅದರಲ್ಲೂ ಪ್ರೊಸೆಸರ್ ಬದಲಿಸಿದಾಗ.

ಬಿ450 ಬೋರ್ಡಿನಲ್ಲಿ ರೈಜನ್ 5 2600 ಓಡುತ್ತಿದೆ ಎಂದುಕೊಳ್ಳಿ. ಅದನ್ನು ತೆಗೆದು 5600 ಹಾಕಿದರೆ ಸಾಕೆಟ್ ಹೊಂದುತ್ತದೆ, ಕೂಲರ್ ಕೂರುತ್ತದೆ, ಫ್ಯಾನ್ ತಿರುಗುತ್ತದೆ. ಬಯಾಸ್ ಹಳೆಯದಾಗಿದ್ದರೆ ಬೀಪೂ ಇಲ್ಲ, ಡಿಸ್‌ಪ್ಲೇಯೂ ಇಲ್ಲ. ರೈಜನ್ 5000 ಸರಣಿ ಬಂದದ್ದು 2020ರ ಕೊನೆಗೆ. ಅದಕ್ಕೂ ಮುಂಚಿನ ಬಯಾಸಿಗೆ ಆ ಪ್ರೊಸೆಸರಿನ ಪರಿಚಯವೇ ಇಲ್ಲ. ಇಂಟೆಲ್ ಕಡೆಯೂ ಹಾಗೇ, 600 ಸರಣಿಯ ಬೋರ್ಡಿಗೆ 13, 14ನೇ ತಲೆಮಾರಿನ ಪ್ರೊಸೆಸರ್ ಹಾಕುವ ಮುನ್ನ ಬಯಾಸ್ ಹೊಸದಾಗಿರಬೇಕು. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ ಆಮೇಲೆ ಕಿತ್ತರೆ ಈ ರಗಳೆಯೇ ಇಲ್ಲ. ಆಗಲೇ ಕಿತ್ತಾಗಿದ್ದರೆ ಹಳೆಯದನ್ನು ಮರಳಿ ಕೂರಿಸಿ, ಇಲ್ಲವೇ ಬೋರ್ಡಿನ ಹಿಂಬದಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯೇ ನೋಡಿ. ಇದ್ದರೆ ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಬಯಾಸ್ ಫೈಲನ್ನು ಕಂಪನಿ ಹೇಳಿದ ಹೆಸರಿನಲ್ಲೇ ಹಾಕಿ, ಗುರುತಿರುವ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಬಟನ್ ಒತ್ತಿ ಹಿಡಿಯಬೇಕು. ದೀಪ ಮಿನುಗುವ ಆ ಹಲವು ನಿಮಿಷ ಕರೆಂಟು ಹೋಗಕೂಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಎಂಡಿಯ ಹಿಂದಿನ ಸಾಕೆಟ್ಟಾದ ಎಎಂ4ರ ಪ್ರೊಸೆಸರ್ ಕೀಳುವಾಗ ಇನ್ನೊಂದು ಅಪಾಯ ಕೂಲರಿನದ್ದು. ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದು, ಕೂಲರ್ ಎತ್ತಿದರೆ ಲಾಕ್ ಆಗಿರುವ ಸಾಕೆಟ್ಟಿನಿಂದ ಪ್ರೊಸೆಸರೂ ಜೊತೆಗೇ ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆರಿಸಿ, ನೇರ ಎತ್ತದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ತೆಗೆಯಬೇಕು.

ಡಿಡಿಆರ್5 ರ‍್ಯಾಮ್ ಹಾಕಿದವರ ಕಥೆ ಬೇರೆ. ಎಎಂಡಿಯ ಎಎಂ4 ನಂತರದ ಎಎಂ5 ಸಾಕೆಟ್ಟಿನ ಬೋರ್ಡ್ ಮೊದಲ ಸಲ ಏಳುವಾಗ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಡಿರ‍್ಯಾಮ್ ದೀಪ ಉರಿಯುತ್ತಲೇ ಇರುತ್ತದೆ, ಪರದೆ ಕಪ್ಪು. ಕೆಟ್ಟಿದೆಯೆಂದು ಆರಿಸಿದರೆ ಮತ್ತೆ ಮೊದಲಿಂದ. ಹದಿನೈದು ನಿಮಿಷ ಮುಟ್ಟದೆ ಬಿಡಿ, ಕಾಫಿ ಮಾಡಿಕೊಂಡು ಬನ್ನಿ.

ಪರದೆ ಬಂದಮೇಲೂ ವಿಂಡೋಸ್ ಬಾರದಿದ್ದರೆ ಬೇರೆ ಲೆಕ್ಕ. ಹೊಸ ಎಂ.2 ಎಸ್‌ಎಸ್‌ಡಿ ಹಾಕಿದಾಗ ಕೆಲವು ಬೋರ್ಡುಗಳು ಒಂದೆರಡು ಸಾಟಾ ಪೋರ್ಟುಗಳನ್ನು ಮುಚ್ಚಿಬಿಡುತ್ತವೆ. ಹಳೆಯ ಡಿಸ್ಕ್ ಅದೇ ಪೋರ್ಟಿನಲ್ಲಿದ್ದರೆ ಮಾಯ. ವೈರನ್ನು ಬೇರೆ ಪೋರ್ಟಿಗೆ ಹಾಕಿದರೆ ಮುಗಿಯಿತು. ಬಯಾಸ್ ರೀಸೆಟ್ ಆದಾಗ ಡಿಸ್ಕಿನ ಮೋಡ್ ಬದಲಾಗಿ ನೀಲಿ ಪರದೆ ಬರುವುದೂ ಉಂಟು, ರೀಸೆಟ್‌ಗೆ ಮುನ್ನ ಬಯಾಸ್ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಎಎಂಡಿ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಹಾಕಿದ ಕೂಡಲೇ ಎಫ್‌ಟಿಪಿಎಂ (ಡಿಸ್ಕ್ ಬೀಗದ ಕೀಲಿ ಇಟ್ಟುಕೊಳ್ಳುವ ಭದ್ರತಾ ಭಾಗ) ರೀಸೆಟ್ ಮಾಡಲೇ ಎಂದು ವೈ ಅಥವಾ ಎನ್ ಕೇಳುವ ಪರದೆ ಬರುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದು, 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ವೈ ಒತ್ತಿದರೆ ಡಿಸ್ಕಿನಲ್ಲಿರುವುದು ಕೈತಪ್ಪಬಹುದು. ಕೀ ಎಲ್ಲಿದೆಯೆಂದು ಅಪ್‌ಗ್ರೇಡ್‌ಗೆ ಮೊದಲೇ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕೆಲಸ ಶುರು ಮಾಡಿ.

ಯುಪಿಎಸ್ ಮರೆಯಬಾರದು. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ 600 ವಿಎ ಯುಪಿಎಸ್‌ಗಳಲ್ಲಿ ಹಲವು ಕೊಡುವುದು 360 ವ್ಯಾಟ್ ಮಾತ್ರ. ಕಾರ್ಡಿಲ್ಲದ ಕಂಪ್ಯೂಟರಿಗೆ ಅದು ಧಾರಾಳವಾಗಿತ್ತು. ಆರ್‌ಟಿಎಕ್ಸ್ 3060ಗೇ 170 ವ್ಯಾಟ್, ಆರ್‌ಎಕ್ಸ್ 6700 ಎಕ್ಸ್‌ಟಿಗೆ 230. ಮೇಲೆ ಪ್ರೊಸೆಸರ್, ಮಾನಿಟರ್. ಗೇಮ್ ಶುರುವಾದೊಡನೆ ಅಥವಾ ಕರೆಂಟು ಹೋದ ಕ್ಷಣವೇ ಆರಿಹೋಗುತ್ತಿದ್ದರೆ ಯುಪಿಎಸ್ ಬಿಟ್ಟು ನೇರ ಗೋಡೆಗೆ ಸಿಕ್ಕಿಸಿ ನೋಡಿ. ಅಲ್ಲಿ ಸರಿಯಾಗಿ ಓಡಿದರೆ ಕಂಪ್ಯೂಟರ್ ಒಳಗೆ ಹುಡುಕುವುದು ನಿಲ್ಲಿಸಬಹುದು.

ಮಳೆಗಾಲದ ಒಂದು ಮಾತು. ಶೃಂಗೇರಿ, ಕಳಸ, ಬಾಳೆಹೊನ್ನೂರು ಕಡೆ ಬಟ್ಟೆ ಒಣಗಲು ವಾರ ಹಿಡಿಯುವ ತಿಂಗಳುಗಳಲ್ಲಿ ವರ್ಷಗಟ್ಟಲೆ ಕೂತ ರ‍್ಯಾಮ್ ಕಡ್ಡಿಯ ಚಿನ್ನದ ಹಲ್ಲುಗಳ ಮೇಲೆ ಮಂಕು ಪದರ ಕೂರುತ್ತದೆ. ಹಳೆಯ ಕಡ್ಡಿ ಕಿತ್ತು ಹೊಸದರ ಪಕ್ಕ ಮತ್ತೆ ಹಾಕಿದಾಗ ಅದೇ ತಕರಾರು ಮಾಡುತ್ತದೆ, ಬೈಗುಳ ಹೊಸದಕ್ಕೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಸಿಗದಿದ್ದರೆ ಮೆದು ಬಿಳಿ ರಬ್ಬರ್, ಹಗುರ ಕೈಯಲ್ಲಿ, ಉದುರಿದ ಪುಡಿ ಸ್ಲಾಟಿಗೆ ಬೀಳದಂತೆ. ಸ್ಲಾಟಿನೊಳಗೆ ಬಾಯಿಂದ ಊದುವುದು ಬೇಡ, ಉಗುಳಿನ ಹನಿ ಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಹೊಸ ಭಾಗವೇ ಕೆಟ್ಟಿದೆ ಎಂದಾದರೆ ವಾಪಸ್ ಕಳಿಸುವ ಮೊದಲು ಬೀಪ್ ಸದ್ದಿನ ರೆಕಾರ್ಡಿಂಗ್, ಮೀಟರ್ ಅಂಕಿಯ ಫೋಟೊ, ಸೀರಿಯಲ್ ನಂಬರಿನ ಫೋಟೊ ಇಟ್ಟುಕೊಳ್ಳಿ. ಇಂಟೆಲ್ ಅಥವಾ ಎಎಂ5 ಬೋರ್ಡ್ ಕಳಿಸುವುದಾದರೆ ಸಾಕೆಟ್ ಪಿನ್ನುಗಳ ಹತ್ತಿರದ ಫೋಟೊ ತೆಗೆದು, ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಪ್ಯಾಕ್ ಮಾಡಬೇಕು. ಆ ಮುಚ್ಚಳ ಇಲ್ಲದ ಬೋರ್ಡನ್ನು ವಾರಂಟಿಗೆ ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ. ಪ್ರೊಸೆಸರ್ ಹಾಕುವಾಗ ಪಟ್ಟೆಂದು ಹಾರಿಬರುವ ಆ ಎರಡು ರೂಪಾಯಿಯ ಮುಚ್ಚಳವನ್ನು ಕಸದ ಬುಟ್ಟಿಗೆ ಎಸೆಯದೆ ಬೋರ್ಡಿನ ಡಬ್ಬಿಯಲ್ಲೇ ಹಾಕಿಡಿ.